ಪಕ್ಕದ ಸೀಟಿನ ಕೆಳಗಿನ ಡಬ್ಬಿ

ಮಾರ್ಚ್ 3

ಬೋಲ್ಟು,

ಕಾಗದ ಒಡೆದವಳು ಮೊದಲು ಕೈಯಲ್ಲಿರುವ ಸ್ಪ್ಯಾನರ್ ಕೆಳಗಿಡು. ಎಣ್ಣೆ ಕೈಯಲ್ಲಿ ನನ್ನ ಅಕ್ಷರ ಮುಟ್ಟಬೇಡ. ಓದುವಾಗ ಸಾಲು ಹಾರಿಸಬೇಡ. ನೀನು ಸಾಲು ಹಾರಿಸುವವಳು ಅಂತ ನಿನ್ನ ಎರಡನೇ ಕ್ಲಾಸಿನ ಟೀಚರು ನನ್ನನ್ನೇ ನಿಲ್ಲಿಸಿಕೊಂಡು ದೂರಿದ್ದರು. ನಾನು ಓದಿದ್ದು ಬರೀ ಮೂರನೇ ಕ್ಲಾಸು, ಆದರೆ ಬರೆದಿದ್ದನ್ನು ಪೂರ್ತಿ ಓದುತ್ತೇನೆ. ನಿನ್ನ ಕಾಗದವನ್ನೂ ಪೂರ್ತಿ ಓದಿದೆ. ‘ಈ ಚಿಪ್ ಹಾಕಿಸು ಅಜ್ಜೀ, ವ್ಯಾನು ಮೇಕೆಯ ಹಾಗೆ ಗುಡ್ಡ ಹತ್ತುತ್ತದೆ’ ಅಂತ ಬರೆದಿದ್ದೆ. ಮೇಕೆಯೂ ಆಗಲಿಲ್ಲ, ಕತ್ತೆಯೂ ಆಗಲಿಲ್ಲ. ಕತ್ತೆಯಾದರೆ ಒದೆಯಾದರೂ ಒದೆಯುತ್ತಿತ್ತು.

ಆದದ್ದು ಕೇಳು. ನಿನ್ನ ಅಪ್ಪ ಕೂದಲು ಕತ್ತರಿಸಿಕೊಳ್ಳಲು ಹೋಗಿದ್ದ. ಅವನಿಲ್ಲದ ಹೊತ್ತು ನೋಡಿ ಮೂಲೆ ಮೆಕ್ಯಾನಿಕ್ಕನ್ನು ಕರೆದೆ. ಇವನು ನಿನಗೆ ಗೊತ್ತಿಲ್ಲ, ಹೋದ ವರ್ಷ ನಮ್ಮ ಬೀದಿ ಮೂಲೆಯಲ್ಲಿ ಅಂಗಡಿ ಹಾಕಿದವನು. ಪಾಪದವನು, ಆದರೆ ಬಾಯಿ ತುಂಬಾ ಮೊಳೆ ಇಟ್ಟುಕೊಂಡು ಮಾತಾಡುತ್ತಾನೆ. ಮಧ್ಯಾಹ್ನದ ಸರದಿಗೆ ವ್ಯಾನಿಗೆ ಐಸ್ ತುಂಬಿಸಿ ಆಗಿತ್ತು. ಎಂಜಿನ್ನಿಗೆ ಎಷ್ಟು ಪೆಟ್ರೋಲು ಕುಡಿಸಬೇಕು, ಯಾವಾಗ ಕಿಡಿ ಕೊಡಬೇಕು ಅಂತ ಲೆಕ್ಕ ಹೇಳುವ ಕಂಪ್ಯೂಟರ್ ಡಬ್ಬಿ ಇದೆ ಅಂದಿದ್ದೆಯಲ್ಲ, ಅದರ ಮುಚ್ಚಳ ಬಿಚ್ಚಿ, ಹಳೆಯ ಚಿಪ್ ಕಿತ್ತು ನಿನ್ನದನ್ನು ಕೂರಿಸಿದ. ಕೀಲಿ ತಿರುಗಿಸಿದ. ವ್ಯಾನು ಎರಡು ಸಲ ಕೆಮ್ಮಿತು, ಒಂದು ಸಲ ಬಿಕ್ಕಿತು, ಆಮೇಲೆ ತಣ್ಣಗಾಯಿತು. ಹಳೆಯದನ್ನು ವಾಪಸ್ ಹಾಕಿ ಸ್ಟಾರ್ಟ್ ಮಾಡುವಷ್ಟರಲ್ಲಿ ಐಸು ಅಂಗಳದಲ್ಲೇ ಕರಗಿ ಚರಂಡಿ ಸೇರಿತ್ತು. ಬೀದಿ ನಾಯಿಗಳು ನೆಕ್ಕಿ ನೆಕ್ಕಿ ತೇಗಿದವು.

ಅಷ್ಟರಲ್ಲಿ ನಿನ್ನ ಅಪ್ಪ ಬಂದ. ಐಸು ಹೋಯಿತಲ್ಲ ಅಂತ ಎಗರಾಡುತ್ತಾನೆ ಅಂದುಕೊಂಡಿದ್ದೆ. ಐಸಿನ ಕಡೆ ತಿರುಗಿಯೂ ನೋಡಲಿಲ್ಲ. ಬಿಚ್ಚಿಟ್ಟ ಸೀಟು ನೋಡಿದ, ಮುಖದ ಬಣ್ಣ ಹೋಯಿತು.

“ಆ ಡಬ್ಬಿ ಯಾರು ಮುಟ್ಟಿದ್ದು?” ಅಂದ.

ಮೆಕ್ಯಾನಿಕ್ಕು ಪಾಪ ತಾನೇ ಅಂದ. ಚಿಪ್ಪೂ ತನ್ನದೇ ಅಂದ. ಬೈಗುಳ ಪೂರ್ತಿ ಅವನ ತಲೆಗೆ ಬಿತ್ತು. ನಿನ್ನ ಹೆಸರು ಹೇಳಬೇಡ ಅಂತ ನೀನು ಬರೆದಿದ್ದಕ್ಕೆ ನಾನೂ ತುಟಿ ಹೊಲಿದುಕೊಂಡು ನಿಂತೆ. ನನಗೆ ಅದು ಎಷ್ಟು ಕಷ್ಟ ಅಂತ ನಿನಗೆ ಗೊತ್ತು.

ಗುಡ್ಡದ ಮೇಲಿನ ಮೀನಿನ ಅಂಗಡಿಯವರು ಈಗಲೇ ಮುಖ ಸಿಂಡರಿಸುತ್ತಿದ್ದಾರೆ. ಐಸು ಇಲ್ಲಿ ಹೊರಟಾಗ ಬಂಡೆ, ಅಲ್ಲಿ ಇಳಿಸುವಾಗ ಬೆಣಚುಕಲ್ಲು. ವ್ಯಾನು ಗುಡ್ಡದ ತಿರುವಿನಲ್ಲಿ ಏದುಸಿರು ಬಿಡುತ್ತಾ ನಿಂತರೆ ಐಸು ನಿಂತು ಕಾಯುತ್ತದೆಯೇ? ಈ ಬೇಸಗೆ ದಾಟುವುದರೊಳಗೆ ಸರಿಹೋಗದಿದ್ದರೆ ಅವರು ತಂಪು ಪೆಟ್ಟಿಗೆ ಇರುವ ಲಾರಿಯವನನ್ನು ಗೊತ್ತುಮಾಡಿಕೊಳ್ಳುತ್ತಾರಂತೆ. ಆಮೇಲೆ ನಾವು ಐಸು ಮಾಡಿ ಮಾಡಿ ನಮ್ಮ ತಲೆಗೇ ಇಟ್ಟುಕೊಳ್ಳಬೇಕು.

ತಪ್ಪು ಎಲ್ಲಿ ಅಂತ ಕೂಡಲೇ ಬರೆ.

ಸಿಟ್ಟಿನಲ್ಲಿರುವ,
ಅಜ್ಜಿ


ಮಾರ್ಚ್ 14

ಅಜ್ಜೀ,

ಬೈಗುಳ ತಲುಪಿತು. ತಪ್ಪು ನನ್ನದೇ. ವ್ಯಾನಿನ ಮಾಡೆಲ್, ವರ್ಷ ನೋಡಿ ಚಿಪ್ ಕಳಿಸಿಬಿಟ್ಟೆ. ಇಲ್ಲಿ ನಾನು ಕೆಲಸಕ್ಕಿರುವ ಅಂಗಡಿಗೆ ಬರುವವರಿಗೆಲ್ಲ ‘ಮೊದಲು ಡಬ್ಬಿಯ ನಂಬರ್ ತನ್ನಿ, ಆಮೇಲೆ ಚಿಪ್’ ಅಂತ ನಾನೇ ಪಾಠ ಹೇಳುತ್ತೇನೆ. ಒಂದೇ ಮಾಡೆಲ್ಲಿಗೆ ಕಂಪನಿಯವರು ಎರಡು ಮೂರು ಥರದ ಡಬ್ಬಿ ಹಾಕಿರುತ್ತಾರೆ. ಒಂದರ ಚಿಪ್ ಇನ್ನೊಂದಕ್ಕೆ ಆಗುವುದಿಲ್ಲ. ನಮ್ಮ ಮನೆಯದು ಅಂತ ನೋಡದೇ ಕಳಿಸಿದೆ.

ಡಬ್ಬಿ ಪಕ್ಕದ ಸೀಟಿನ ಕೆಳಗಿದೆ. ಬ್ಯಾಟರಿಯ ವೈರು ಬಿಚ್ಚಿಸಿ ಆಮೇಲೆ ಕೈ ಹಾಕು. ಮುಚ್ಚಳದ ಮೇಲೆ ಸ್ಟಿಕ್ಕರ್ ಇರುತ್ತದೆ, ಅದರ ಮೇಲಿನ ಅಂಕಿ ಅಕ್ಷರ ಒಂದೂ ಬಿಡದೆ ಬರೆದು ಕಳಿಸು. ಇಂಗ್ಲಿಷ್ ಅಕ್ಷರ ಗೊತ್ತಾಗದಿದ್ದರೆ ಚಿತ್ರದ ಹಾಗೆ ಬರೆ.

ಅಪ್ಪನಿಗೆ ಹೇಳಬೇಡ. ಅವರ ವಸ್ತುವನ್ನು ನಾನು ಕೇಳದೆ ಮುಟ್ಟಿದೆ ಅಂತಾಗುವುದು ಬೇಡ. ನನ್ನ ಹಸಿರು ಕಾರನ್ನು ಗುಜರಿಗೆ ಹಾಕುವಾಗ ಅವರು ನನ್ನನ್ನು ಕೇಳಿರಲಿಲ್ಲ, ಆ ಮಾತು ಬೇರೆ.

ಅಮ್ಮನ ಬೆರಳು ಐಸಿಗೆ ಒಡೆಯುವುದು ನಿಂತಿತಾ?

ಬೋಲ್ಟು


ಮಾರ್ಚ್ 22

ಬೋಲ್ಟು,

ಪಾಠ ಹೇಳುವವಳ ಮನೆ ಮಗ್ಗಿಯೇ ತಪ್ಪು ಅನ್ನುವ ಹಾಗಾಯಿತು. ಇರಲಿ.

ನಿನ್ನ ಅಪ್ಪ ಐಸು ಕೊಯ್ಯುವ ಕಡೆ ಇದ್ದಾಗ ವ್ಯಾನಿನೊಳಗೆ ಹೊಕ್ಕೆ. ಹೊಕ್ಕೆ ಅನ್ನುವುದು ಸುಲಭ. ಸೀಟು ಎತ್ತಿದರೆ ಒದ್ದೆ ಗೋಣಿ, ಅದರ ಕೆಳಗೆ ಮರದ ಹೊಟ್ಟು, ಅದರ ಕೆಳಗೆ ತುಕ್ಕು. ನಾನು ತಲೆ ಕೆಳಗೆ, ಕಾಲು ಅಂಗಳದ ಕಡೆ. ನಿನ್ನ ಅಮ್ಮ ಬಕೆಟ್ಟು ಹಿಡಿದುಕೊಂಡು ಬಂದವಳು ನನ್ನ ಹಿಮ್ಮಡಿ ನೋಡಿ ನಿಂತಳು. ಏನಾದರೂ ಬಿತ್ತಾ ಅತ್ತೆ ಅಂತ ಕೇಳಿದಳು. ಮರ್ಯಾದೆ ಬಿತ್ತು ಕಣಮ್ಮ, ಹುಡುಕುತ್ತಿದ್ದೇನೆ ಅಂದೆ. ಡಬ್ಬಿ ಅಂದ ಕೂಡಲೇ ಬಕೆಟ್ಟು ಅಲ್ಲೇ ಇಟ್ಟು ಒಳಗೆ ಹೋದಳು.

ಒಂದು ಆಶ್ಚರ್ಯ ಹೇಳುತ್ತೇನೆ. ಆ ವ್ಯಾನಿನಲ್ಲಿ ತುಕ್ಕು ಹಿಡಿಯದ ಜಾಗ ಇಲ್ಲ. ಬಾಗಿಲಿನ ಹಿಡಿ ಕೈಗೆ ಬರುತ್ತದೆ, ಕನ್ನಡಿಯನ್ನು ದಾರ ಹಾಕಿ ಕಟ್ಟಿದ್ದಾನೆ. ಆದರೆ ಈ ಡಬ್ಬಿಗೆ ಮಾತ್ರ ದಪ್ಪ ಪ್ಲಾಸ್ಟಿಕ್ಕಿನ ಹೊದಿಕೆ, ನಾಲ್ಕೂ ಮೂಲೆ ಮಡಚಿ, ಹಸುಗೂಸನ್ನು ಸುತ್ತಿದ ಹಾಗೆ ಹುರಿಯಲ್ಲಿ ಕಟ್ಟಿಟ್ಟಿದ್ದಾನೆ. ಒಂದು ಹನಿ ನೀರು ತಾಗಿಲ್ಲ. ನನ್ನ ಕೋಣೆ ಸೋರುತ್ತದೆ ಅಂತ ಎಷ್ಟು ಸಲ ಬಡಿದುಕೊಂಡೆ, ನನಗೆ ಇಷ್ಟು ದೊಡ್ಡ ಹೊದಿಕೆ ಅವನು ತಂದುಕೊಟ್ಟವನಲ್ಲ.

ಸ್ಟಿಕ್ಕರ್ ಅರ್ಧ ಹರಿದಿದೆ. ಆದರೆ ತಗಡಿಗೇ ನಂಬರು ಒತ್ತಿದ್ದಾರೆ. ಮೊದಲು ಹಾವಿನ ಹಾಗೆ ಸುತ್ತಿಕೊಂಡ ಒಂದು ಅಕ್ಷರ. ಆಮೇಲೆ 407. ಆಮೇಲೆ ಒಂದು ಗೆರೆ. ಆಮೇಲೆ 1962. ಹೊದಿಕೆಯನ್ನು ಅವನು ಕಟ್ಟಿದ ಹಾಗೆಯೇ ಕಟ್ಟಿ ಬಂದೆ. ಬೆನ್ನು ಮಾತ್ರ ಇನ್ನೂ ಅಲ್ಲೇ ಇದೆ.

ಬೇಗ ಸರಿಯಾದ ಚಿಪ್ ಕಳಿಸು. ನಿನ್ನ ಅಪ್ಪ ಈಗ ಬಿಸಿಲಿಗೆ ಮೊದಲೇ ಗುಡ್ಡ ದಾಟಬೇಕು ಅಂತ ದಿನಕ್ಕಿಂತ ದಿನ ಬೇಗ ಏಳುತ್ತಿದ್ದಾನೆ. ಹೀಗೇ ಹೋದರೆ ಮಲಗುವ ಮೊದಲೇ ಎದ್ದುಬಿಡುತ್ತಾನೆ.

ಬೆನ್ನು ಹಿಡಿದುಕೊಂಡಿರುವ,
ಅಜ್ಜಿ


ಏಪ್ರಿಲ್ 2

ಅಜ್ಜೀ,

ಬೇಜಾರು ಮಾಡಿಕೊಳ್ಳಬೇಡ, ನೀನು ತಪ್ಪು ಓದಿದ್ದೀಯ. ನಮ್ಮ ವ್ಯಾನಿನ ಡಬ್ಬಿ ಯಾವ ಥರದ್ದಾದರೂ ನಂಬರಿನ ಮೊದಲ ಅಕ್ಷರ ಏಣಿಯ ಹಾಗಿರಬೇಕು, ಎರಡು ಕಂಬ, ನಡುವೆ ಒಂದು ಮೆಟ್ಟಿಲು. ಹಾವಿನಂಥದು ಬರುವುದು ಅದೇ ಕಂಪನಿಯ ಸಣ್ಣ ಕಾರುಗಳಿಗೆ. ವ್ಯಾನಿಗೆ ಅವರು ಯಾವತ್ತೂ ಅದನ್ನು ಹಾಕಿಲ್ಲ.

ಕಣ್ಣಿನ ಪೊರೆ ತೆಗೆಸಿದ ಮೇಲೆ ಹತ್ತಿರದ್ದು ಸರಿ ಕಾಣುವುದಿಲ್ಲ ಅಂತ ನೀನೇ ಹೇಳುತ್ತಿದ್ದೆ. ಅಮ್ಮನಿಂದ ಓದಿಸು. ಅಮ್ಮ ಹತ್ತನೇ ಕ್ಲಾಸು.

ಇನ್ನೊಂದು ನನಗೆ ಅರ್ಥವಾಗುತ್ತಿಲ್ಲ. ನಾನು ಮನೆಯಲ್ಲಿದ್ದಾಗ ಇದೇ ವ್ಯಾನು ಇದೇ ಗುಡ್ಡವನ್ನು ಪೂರ್ತಿ ಲೋಡಿನಲ್ಲಿ ಹತ್ತುತ್ತಿತ್ತು. ಎರಡು ವರ್ಷದಲ್ಲಿ ಇಷ್ಟು ಸೊರಗಿದ್ದು ಹೇಗೆ?

ಬೋಲ್ಟು


ಏಪ್ರಿಲ್ 9

ಹತ್ತನೇ ಕ್ಲಾಸಿನವಳ ಮಗಳಿಗೆ,

ನಾನು ಹಾವು ನೋಡಿದ್ದೇನೆ, ಏಣಿಯನ್ನೂ ಹತ್ತಿದ್ದೇನೆ. ಎರಡರ ವ್ಯತ್ಯಾಸ ಹೇಳಿಕೊಡಲು ನೀನು ಬೇಕಾಗಿಲ್ಲ. ಬಸ್ಸಿನ ನಂಬರ್ ನೋಡಿ ಊರೂರು ತಿರುಗಿದವಳು ನಾನು, ಇವತ್ತಿನವರೆಗೆ ತಪ್ಪು ಬಸ್ಸು ಹತ್ತಿಲ್ಲ. ನೀನು ಹತ್ತಿದ್ದೀಯ, ಏಳನೇ ಕ್ಲಾಸಿನಲ್ಲಿ, ಪೊಲೀಸರು ಕರೆತಂದರು.

ನೀನು ನಂಬುವುದಿಲ್ಲ ಅಂತ ಈ ಸಲ ನಾನು ಬರೆಯುವುದಿಲ್ಲ, ಡಬ್ಬಿಯೇ ಬರೆಯಲಿ. ನಮ್ಮ ಸ್ಕೂಲಿನ ಮೇಷ್ಟ್ರಿಗೆ ನಿದ್ದೆ ಬಂದಾಗ ನಮಗೆಲ್ಲ ಒಂದೊಂದು ನಾಣ್ಯ ಕೊಟ್ಟು, ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅನ್ನುತ್ತಿದ್ದರು. ಉಜ್ಜಿದರೆ ನಾಣ್ಯದ ಮೇಲಿದ್ದದ್ದೆಲ್ಲ ಕಾಗದದಲ್ಲಿ ಏಳುತ್ತದೆ. ಮೂರು ವರ್ಷದಲ್ಲಿ ನಾನು ಪಕ್ಕಾ ಕಲಿತದ್ದು ಅದೊಂದೇ ವಿದ್ಯೆ. ಅದನ್ನೇ ಆ ತಗಡಿನ ಮೇಲೆ ಮಾಡಿದ್ದೇನೆ. ಕಾಗದ ಇದರ ಜೊತೆಗಿದೆ. ನೋಡು. ಕಣ್ಣು ತಪ್ಪಬಹುದು, ಪೆನ್ಸಿಲ್ಲು ಎಲ್ಲಿ ತಪ್ಪುತ್ತದೆ?

ಟಾರ್ಚ್ ಹಿಡಿಯಲು ನಿನ್ನ ಅಮ್ಮನನ್ನು ಕರೆದುಕೊಂಡಿದ್ದೆ. ನೀನೂ ಓದು ಅಂದರೆ ಓದಲಿಲ್ಲ. ಡಬ್ಬಿಗೆ ಬೆಳಕು ಹಿಡಿ ಅಂದರೆ ವ್ಯಾನಿನ ಚಾವಣಿಗೆ ಹಿಡಿಯುತ್ತಿದ್ದಳು. ಅತ್ತೆ, ಇದನ್ನು ಕಳಿಸಲೇಬೇಕಾ ಅಂದಳು. ಕಳಿಸದೆ ಉಪ್ಪಿನಕಾಯಿ ಹಾಕಲಾ ಅಂದೆ.

ನಂಬರಿನ ಪಕ್ಕ ಆರು ಮೂಲೆಯ ಒಂದು ಪುಟ್ಟ ಗುರುತೂ ಎದ್ದಿದೆ. ಯಾರೋ ಮೊಳೆಯಲ್ಲಿ ಗೀಚಿದ ಹಾಗಿದೆ. ಕಂಪನಿಯವರದು ಇರಬೇಕು.

ಚಿಪ್ ಕಳಿಸು. ಜೊತೆಗೆ ತಪ್ಪಾಯಿತು ಅಂತ ಒಂದು ಸಾಲು ಬರೆ, ನೋಡಿ ಸಂತೋಷಪಡುತ್ತೇನೆ.

ಸರಿಯಾಗಿಯೇ ಓದಿದ,
ಅಜ್ಜಿ


ಮೇ 6

ಬೋಲ್ಟು,

ತಿಂಗಳಾಗುತ್ತಾ ಬಂತು. ಚಿಪ್ಪೂ ಇಲ್ಲ, ಚಕಾರವೂ ಇಲ್ಲ. ಪೋಸ್ಟಿನವನು ನನ್ನನ್ನು ನೋಡಿದರೆ ಎದುರಿನ ಬೀದಿಗೆ ಸೈಕಲ್ ತಿರುಗಿಸುತ್ತಾನೆ. ಮೂಲೆ ಮೆಕ್ಯಾನಿಕ್ಕು ನಿನ್ನ ಅಂಗಡಿಗೆ ಫೋನು ಮಾಡಿದ. ಕೆಲಸದಲ್ಲಿದ್ದಾಳೆ, ಚೆನ್ನಾಗಿದ್ದಾಳೆ ಅಂದರಂತೆ. ಚೆನ್ನಾಗಿರುವವಳಿಗೆ ಕೈಗೇನಾಗಿದೆ? ಮುದುಕಿ ಗೆದ್ದಳು ಅಂತ ಉರಿಯೇ?

ಬಾಯಿ ಮುಚ್ಚಿಕೊಂಡು ಕೂರುವುದು ನಿನ್ನ ತಾತನ ಕಡೆಯ ರೋಗ. ತಾತನಿಂದ ನಿನ್ನ ಅಪ್ಪನಿಗೆ ಬಂತು, ಅಪ್ಪನಿಂದ ನಿನಗೆ ಬಂತು. ಎರಡು ವರ್ಷದ ಹಿಂದೆ ನಾನು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಸಿಕೊಂಡು ಒಳಗೆ ಮಲಗಿದ್ದೆ. ನೀನು ಕೆಲಸ ಕಲಿಯಲು ಹೋದವಳು ವಾಪಸ್ ಬಂದೆ, ಹಿತ್ತಲಿಗೆ ಹೋದೆ, ಕಾರು ಎಲ್ಲಿ ಅಂತ ಒಂದು ಸಲ ಕೇಳಿದೆ. ಗುಜರಿಗೆ ಕೊಟ್ಟೆ ಅಂತ ಅವನು ಒಂದು ಸಲ ಹೇಳಿದ. ಅಷ್ಟೇ ನನಗೆ ಕೇಳಿಸಿದ್ದು. ಆಮೇಲೆ ನಿನ್ನ ಟೂಲ್ ಪೆಟ್ಟಿಗೆ ನೆಲದ ಮೇಲೆ ಎಳೆದುಕೊಂಡು ಹೋಗುವ ಸದ್ದು. ಕೂಗಾಡಿ ಜಗಳವಾಡಿದ್ದರೆ ಮೂರು ದಿನಕ್ಕೆ ಮುಗಿಯುತ್ತಿತ್ತು. ನಿಮ್ಮಿಬ್ಬರಿಗೆ ಜಗಳ ಆಡಲೂ ಬರುವುದಿಲ್ಲ.

ಇಲ್ಲಿ ಕೆಟ್ಟ ಸುದ್ದಿ. ಮೊನ್ನೆ ಮೀನಿನವರು ಅರ್ಧ ಐಸು ತಂಪು ಲಾರಿಯವನ ಕಡೆಯಿಂದ ತರಿಸಿಕೊಂಡರು. ನಿನ್ನ ಅಪ್ಪ ಉಳಿದ ಅರ್ಧವನ್ನು ವಾಪಸ್ ತಂದ. ಅಂಗಳದಲ್ಲಿ ಇಳಿಸಲಿಲ್ಲ. ಹಿಂದಿನ ಬಾಗಿಲು ತೆಗೆದು, ನೀರು ತೊಟ್ಟಿಕ್ಕುವುದನ್ನು ನೋಡುತ್ತಾ ಮೆಟ್ಟಿಲ ಮೇಲೆ ಕೂತ. ಊಟಕ್ಕೆ ಕರೆದರೆ ಹೂಂ ಅಂದ, ಏಳಲಿಲ್ಲ. ಎಂಜಿನ್ನು ಬದಲಾಯಿಸಬಾರದೇನೋ ಅಂತ ನಾನು ಅಂದಿದ್ದಕ್ಕೆ, “ಬದಲಾಯಿಸಿದ್ದು ಸಾಕು ಬಿಡಮ್ಮ” ಅಂದ. ಯಾವಾಗ ಬದಲಾಯಿಸಿದೆ ಅಂದೆ. ಎದ್ದು ಕೈ ತೊಳೆಯಲು ಹೋದ.

ಈ ಮನೆಯಲ್ಲಿ ಏನೋ ಇದೆ, ನನ್ನೊಬ್ಬಳಿಗೆ ಹೇಳುವುದಿಲ್ಲ. ನೀನಾದರೂ ಹೇಳು.

ಕಾದು ಕಾದು ಬತ್ತಿದ,
ಅಜ್ಜಿ


ಮೇ 17

ಅಜ್ಜೀ,

ನೀನು ಸರಿಯಾಗಿ ಓದಿದ್ದೆ. ತಪ್ಪಾಯಿತು.

ಆ ಆರು ಮೂಲೆಯದು ಕಂಪನಿಯ ಗುರುತಲ್ಲ, ನಟ್ಟಿನ ಚಿತ್ರ. ನಾನು ಗೀಚಿದ್ದು. ನಾನು ಬಿಚ್ಚಿ ಸರಿಮಾಡಿದ್ದಕ್ಕೆಲ್ಲ ಆಗ ಹಾಗೆ ಗೀಚುತ್ತಿದ್ದೆ. ಅದು ನನ್ನ ಹಸಿರು ಕಾರಿನ ಡಬ್ಬಿ.

ಡಬ್ಬಿ ಒಂದನ್ನೇ ತಂದು ಹಾಕಿದರೆ ವ್ಯಾನು ಓಡುವುದಿಲ್ಲ. ಎಂಜಿನ್ನೂ ಕಾರಿನದೇ. ಅದು ನಾಲ್ಕು ಜನರನ್ನು ಕೂರಿಸಿಕೊಂಡು ಓಡಲು ಇದ್ದ ಎಂಜಿನ್, ಐಸು ಹೊರಲು ಅಲ್ಲ. ಗುಡ್ಡದಲ್ಲಿ ನಿಲ್ಲದೆ ಇನ್ನೇನು ಮಾಡುತ್ತದೆ. ನಿನ್ನ ಪೆನ್ಸಿಲ್ ಕಾಗದ ನನ್ನ ಮೇಜಿನ ಮೇಲಿದೆ. ದಿನಾ ಬೇರೆಯವರ ಡಬ್ಬಿಗಳ ನಂಬರ್ ನೋಡಿ ಇದು ಇಂಥ ಗಾಡಿಯದು ಅಂತ ಹೇಳುತ್ತೇನೆ. ಇದೊಂದನ್ನು ಹೇಳಲು ಇಷ್ಟು ದಿನ ಬೇಕಾಯಿತು.

ಗುಜರಿಗೆ ಕೊಟ್ಟೆ ಅಂದರಲ್ಲ ಅಪ್ಪ. ಏನು ಕೊಟ್ಟರು, ಏನು ಇಟ್ಟುಕೊಂಡರು ಅಂತ ಕೇಳು. ಬೇಡ, ಕೇಳಬೇಡ ಬಿಡು.

ಚಿಪ್ ಮಾಡಬಹುದು. ಆದರೆ ಹೊರಗಿನ ನಂಬರ್ ಸಾಲದು. ಮುಚ್ಚಳ ತೆಗೆದರೆ ಒಳಗಿನ ಹಳೆಯ ಚಿಪ್ಪಿನ ಮೇಲೆ ಇನ್ನೊಂದು ನಂಬರ್ ಇದೆ, ಅದೂ ಬೇಕು. ಡಬ್ಬಿ ಮುಟ್ಟಿದ್ದಕ್ಕೇ ಅಪ್ಪ ಅಷ್ಟು ಬೈದರು ಅಂದೆಯಲ್ಲ. ಹಾಗಾದರೆ ಆಗುವುದಿಲ್ಲ.

ಬೋಲ್ಟು


ಜೂನ್ 4

ಬೋಲ್ಟು,

ಕೇಳಬೇಡ ಅಂದರೆ ಕೇಳದೆ ಇರುವವಳೇ ನಾನು? ನಿನ್ನ ಕಾಗದ ಮಡಚುವುದರೊಳಗೆ ಕೇಳಿದೆ. ಮೊದಲು ನಿನ್ನ ಅಮ್ಮನನ್ನು. ಅವಳು ಐಸಿನ ಅಚ್ಚಿಗೆ ನೀರು ಹಿಡಿಯುತ್ತಿದ್ದವಳು ನಲ್ಲಿಯನ್ನೂ ನಿಲ್ಲಿಸದೆ ಅತ್ತಳು. ಅವಳಿಗೆ ಗೊತ್ತಿತ್ತು. ಹೇಳಕೂಡದು ಅಂತ ಗಂಡ ಆಣೆ ಹಾಕಿಸಿಕೊಂಡಿದ್ದನಂತೆ. ನಾನು ಕಣ್ಣು ಕಟ್ಟಿಕೊಂಡು ಮಲಗಿದ್ದು ಒಂದು ವಾರ. ಇವರು ಎರಡು ವರ್ಷ ನನ್ನ ಕಣ್ಣಿಗೆ ಬಟ್ಟೆ ಕಟ್ಟಿದರು.

ನಾನು ಮಲಗಿದ್ದ ಆ ವಾರದಲ್ಲಿ ನಡೆದದ್ದು ಇಷ್ಟು. ಹಿಂದಿನಿಂದ ಬೀದಿಯುದ್ದಕ್ಕೂ ನೀರು ಸುರಿಸುತ್ತಾ ಓಡಾಡುವ ವ್ಯಾನು, ಮುಂದೆ ರೇಡಿಯೇಟರಿನಲ್ಲಿ ನೀರು ಆರಿ ಗುಡ್ಡದಲ್ಲಿ ಎಂಜಿನ್ ಕಚ್ಚಿಕೊಂಡು ಸತ್ತಿತು. ನಡು ಬೇಸಗೆ. ಬೇರೆ ಎಂಜಿನ್ ತರುವ ಶಕ್ತಿ ಇರಲಿಲ್ಲ, ಐಸು ನಿಲ್ಲಿಸಿದರೆ ಮೀನಿನವರು ನಿಲ್ಲುತ್ತಿರಲಿಲ್ಲ. ಹಿತ್ತಲಿನಲ್ಲಿ ನಿನ್ನ ಕಾರಿತ್ತು. ಪಕ್ಕದೂರಿನಿಂದ ಕ್ರೇನಿನವನನ್ನು ಕರೆಸಿ ಎಂಜಿನ್ನು, ಡಬ್ಬಿ, ವೈರು ಎಲ್ಲ ಕಿತ್ತು ವ್ಯಾನಿಗೆ ಹಾಕಿಕೊಂಡ. ಉಳಿದ ಬರೀ ತಗಡಿನ ಗೂಡನ್ನು ಗುಜರಿಯವನು ಒಯ್ದ.

ರಾತ್ರಿ ಊಟಕ್ಕೆ ಕೂತಾಗ ನೀನು ಕಳಿಸಿದ ಚಿಪ್, ನನ್ನ ಪೆನ್ಸಿಲ್ ಕಾಗದ, ಎರಡರ ಮಾತೂ ತೆಗೆದೆ. ತಟ್ಟೆಯಿಂದ ಕೈ ತೆಗೆದ. ಗುಜರಿ ಅಂತ ಯಾಕೆ ಹೇಳಿದೆಯೋ ಅಂದೆ.

“ಸಿಟ್ಟಲ್ಲಿ ಮಾರಿದೆ ಅಂದ್ರೆ ಬೈಕೊಂಡು ಸುಮ್ಮನಾಗ್ತಾಳೆ ಅಂದ್ಕೊಂಡೆ,” ಅಂದ. “ನಿನ್ನ ಕಾರನ್ನ ಕಿತ್ತು ತಿಂದೆ ಅಂತ ಮಗಳ ಮುಂದೆ ಹೇಳೋಕೆ ಬಾಯಿ ಬರ್ಲಿಲ್ಲಮ್ಮ.”

ಅದಕ್ಕೆ ನಾನು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ, ಪೋಸ್ಟಿನವರು ಕಾಗದ ತಗೊಳ್ಳುವುದಿಲ್ಲ. ಅವನನ್ನು ಕ್ಷಮಿಸು ಅಂತಲೂ ನಾನು ನಿನಗೆ ಬರೆಯುವುದಿಲ್ಲ. ಕೇಳಿದ್ದರೆ ನೀನೇ ಸ್ಪ್ಯಾನರ್ ಹಿಡಿದು ಬಿಚ್ಚಿ ಕೊಡುತ್ತಿದ್ದೆ ಅಂತ ನನಗೆ ಗೊತ್ತು. ಅವನಿಗೂ ಗೊತ್ತಿತ್ತು. ಅದೇ ಅವನಿಗೆ ನುಂಗಲಾಗದ್ದು. ನೀನು ಚಿಕ್ಕವಳಿದ್ದಾಗ ಬೋಲ್ಟು ನುಂಗಿ ಮೂರನೇ ದಿನಕ್ಕೆ ಹೊರಗೆ ಹಾಕಿದೆ. ಇವನು ನುಂಗಿದ್ದು ಎರಡು ವರ್ಷವಾದರೂ ಹೊರಗೆ ಬಂದಿರಲಿಲ್ಲ.

ಬೆಳಿಗ್ಗೆ ಅವನು ವ್ಯಾನು ತೆಗೆಯಲಿಲ್ಲ. ಬ್ಯಾಟರಿಯ ವೈರು ತಾನೇ ಬಿಚ್ಚಿದ. ಸೀಟು ಎತ್ತಿ, ಹುರಿ ಬಿಚ್ಚಿ, ಹೊದಿಕೆ ತೆಗೆದು ಡಬ್ಬಿಯನ್ನು ಅಂಗಳದ ಬೆಳಕಿಗೆ ತಂದ. ಒಣ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಮುಚ್ಚಳ ತೆಗೆದ. ನೀನು ಕೇಳಿದ ಒಳಗಿನ ನಂಬರು ಬರೆದ. ನನ್ನನ್ನು ಕರೆದು ನೀನೊಂದು ಸಲ ಓದಮ್ಮ ಅಂದ. ಓದಿದೆ. ಸರಿಯಿತ್ತು. ನನ್ನಿಂದ ಮುಚ್ಚಿಟ್ಟದ್ದಕ್ಕೆ ಶಿಕ್ಷೆ ಅಂತ ನಿನ್ನ ಅಮ್ಮನಿಂದಲೂ ಓದಿಸಿದೆ. ಕಾಗದ ಇದರ ಜೊತೆಗಿದೆ, ಅಂಕಿಗಳು ಅವನವೇ. ಅಂಕಿಗಳ ಕೆಳಗೆ ಏನೋ ಬರೆಯಲು ಪೆನ್ನು ಇಟ್ಟ. ಒಂದು ಚುಕ್ಕೆ ಬಿದ್ದಿದೆ ನೋಡು, ಅಷ್ಟೇ ಬರೆಯಲಾಗಿದ್ದು.

ಡಬ್ಬಿ ಮುಚ್ಚುವ ಮೊದಲು ನಿನ್ನ ಆರು ಮೂಲೆಯ ಗುರುತಿನ ಮೇಲೆ ಹೆಬ್ಬೆರಳು ಆಡಿಸುತ್ತಾ ಕೇಳಿದ, ಚಿಪ್ ಬಂದರೆ ಮೂಲೆ ಮೆಕ್ಯಾನಿಕ್ಕೇ ಕೂರಿಸುತ್ತಾನಲ್ಲ ಅಂತ.

“ಆಗೋದಿಲ್ಲ,” ಅಂದೆ. “ಅದರ ಮೇಲೆ ಗುರುತು ಗೀಚಿದ ಕೈಯೇ ಕೂರಿಸ್ಬೇಕಂತೆ. ಬೇರೆಯವರು ಹಾಕಿದ್ರೆ ಹಿಡಿಯೋದಿಲ್ವಂತೆ.”

ಇದು ಸುಳ್ಳು. ನನಗೆ ಗೊತ್ತು. ಎಂಜಿನ್ನನ್ನೇ ಇಳಿಸಿ ಹತ್ತಿಸಿದವನು ಅವನು, ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ನನ್ನ ಮುಖವನ್ನೇ ನೋಡಿದ. ಆಮೇಲೆ ಹೊದಿಕೆಯ ನಾಲ್ಕೂ ಮೂಲೆ ಮಡಚುತ್ತಾ, “ಹೌದಮ್ಮ, ಅಂಥ ಡಬ್ಬಿಗಳೂ ಇರ್ತವೆ,” ಅಂದ.

ಹಾಗಾಗಿ ಯಾರು ಕೇಳಿದರೂ ನೀನೂ ಅದನ್ನೇ ಹೇಳು. ಚಿಪ್ಪನ್ನು ಪೋಸ್ಟಿಗೆ ಹಾಕಿದರೆ ಬಿಚ್ಚದೆ ವಾಪಸ್ ಕಳಿಸುತ್ತೇನೆ. ಕೈಯಲ್ಲೇ ತಗೊಂಡು ಬಾ. ಬಂದು ನಿಮ್ಮಿಬ್ಬರಿಗೆ ಬಾರದ ಆ ಜಗಳವನ್ನು ಬಾಯಿಬಿಟ್ಟು ಆಡಿ, ಬೇಕಾದರೆ ನಾನು ಹೇಳಿಕೊಡುತ್ತೇನೆ. ಯಾವ ಬಸ್ಸಿಗೆ ಹೊರಡುತ್ತೀ ಅಂತ ಈ ತಿಂಗಳು ಮುಗಿಯುವುದರೊಳಗೆ ಬರೆ. ಬಸ್ಸಿನ ನಂಬರು ಸರಿಯಾಗಿ ನೋಡಿ ಹತ್ತು.

ನಿನ್ನ,
ಅಜ್ಜಿ